ತಣ್ಣೀರಕ್ಕನ ಒಂದು ವಾಕ್ಯ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಬಟ್ಟೆ ಒಗೆಯುವ ವಿಭಾಗಕ್ಕೆ ಮೊದಲ ಗಾಡಿ ಬಂದಿದೆ. ಕೈಗವಸು ತೊಟ್ಟ ಹೆಂಗಸೊಬ್ಬರು ಬೆಡ್‌ಶೀಟ್‌ಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ವಿಂಗಡಿಸುತ್ತಿದ್ದಾರೆ. ರಕ್ತದ ಕಲೆ ಇದ್ದದ್ದು ತಣ್ಣೀರಿನ ತೊಟ್ಟಿಗೆ, ಉಳಿದದ್ದು ಯಂತ್ರಕ್ಕೆ. ಬಿಸಿನೀರು ತಾಗಿದರೆ ರಕ್ತದ ಕಲೆ ಬಟ್ಟೆಯಲ್ಲೇ ಬೀಡುಬಿಡುತ್ತದೆ. ಹೊಸಬರಿಗೆಲ್ಲ ಇದನ್ನೇ ಹೇಳಿ ಹೇಳಿ ಅವರಿಗೆ ‘ತಣ್ಣೀರಕ್ಕ’ ಎಂಬ ಹೆಸರು ಬಿದ್ದಿದೆ.

ಈ ವಿಭಾಗದಲ್ಲಿ ದಿನಕ್ಕೆ ಎಂಟುನೂರರಷ್ಟು ಶೀಟುಗಳು ಒಗೆಸಿಕೊಂಡು, ಒಣಗಿ, ಮಡಿಕೆಯಾಗಿ ವಾರ್ಡುಗಳಿಗೆ ಹೋಗುತ್ತವೆ. ಮದುವೆಯಾದ ಹೊಸತರಲ್ಲಿ ತಣ್ಣೀರಕ್ಕನನ್ನು ಇಲ್ಲಿಗೆ ಕರೆತಂದವರು, ಆಗ ಇಲ್ಲೇ ಕೆಲಸಕ್ಕಿದ್ದ ಅತ್ತೆ.

“ಮೊದಲನೇ ದಿನವೇ ಒಂದು ಗಾಡಿ ಶೀಟನ್ನ ಬಿಸಿನೀರಿಗೆ ಹಾಕಿಬಿಟ್ಟೆ. ಅತ್ತೆ ಎಲ್ಲರ ಮುಂದೆ ಮುಖಕ್ಕೆ ಮಂಗಳಾರತಿ ಮಾಡಿದ್ರು. ಮಧ್ಯಾಹ್ನ ಅವರೇ ಪಕ್ಕದಲ್ಲಿ ಕೂತು ಕಲೆ ಬಿಡಿಸೋದು ತೋರಿಸಿಕೊಟ್ರು,” ಎನ್ನುತ್ತಾರೆ.

ಆ ಅತ್ತೆಗೆ ಈಗ ಹಾಸಿಗೆಯಿಂದ ಏಳಲು ಒಬ್ಬರ ಕೈ ಬೇಕು. ಸೊಸೆ ಮನೆ ಬಿಡುವ ಹೊತ್ತಿಗೆ ಅವರಿನ್ನೂ ನಿದ್ದೆಯಲ್ಲಿರುತ್ತಾರೆ. ಎಬ್ಬಿಸಿ ಮುಖ ತೊಳೆಸುವುದು ಪಕ್ಕದ ಮನೆಯಾಕೆ. ತಣ್ಣೀರಕ್ಕನಿಗೆ ಇದೇ ಕೊರಗು. ಮೇಲ್ವಿಚಾರಕಿಯಾದರೆ ಕೆಲಸ ಶುರುವಾಗುವುದು ಒಂಬತ್ತಕ್ಕೆ. ಆ ಹುದ್ದೆಗೆ ಹೋದ ವರ್ಷವೂ ಅರ್ಜಿ ಹಾಕಿದ್ದರು. ಸಂದರ್ಶನ ಇಂಗ್ಲಿಷಿನಲ್ಲಿ. ಈ ಕೆಲಸ ಹೇಗೆ ಕಲಿತಿರಿ ಎಂದು ಕೇಳಿದಾಗ ಬಾಯಿ ಕಟ್ಟಿತು. ಮೇಜು ನೋಡುತ್ತ ಕೂತು ಎದ್ದು ಬಂದರು. ಹುದ್ದೆ ಖಾಲಿಯೇ ಉಳಿಯಿತು.

ಈ ಸಲ ಕಾಲೇಜಿಗೆ ಹೋಗುವ ಮಗಳು ಉತ್ತರ ಸಿದ್ಧಮಾಡಿಕೊಟ್ಟಳು: “ಐ ಹ್ಯಾವ್ ಅಕ್ವೈರ್ಡ್ ನಾಲೆಡ್ಜ್ ಥ್ರೂ ಪ್ರಾಕ್ಟಿಕಲ್ ಟ್ರೈನಿಂಗ್.” ಶೀಟು ಮಡಿಸುವಾಗಲೆಲ್ಲ ತಣ್ಣೀರಕ್ಕ ಅದನ್ನೇ ಉರುಹೊಡೆದರು. ಜೊತೆಯವರು, ಯಂತ್ರಕ್ಕೂ ಬಾಯಿಪಾಠ ಆಗಿದೆ ಎಂದು ರೇಗಿಸಿದರು. ವಾಕ್ಯ ನಾಲಿಗೆಗೆ ಹತ್ತಿದ ಮೇಲೆ ಅದರ ಅರ್ಥ ಬಿಡಿಸಿ ಹೇಳೆಂದು ಮಗಳನ್ನು ಕೇಳಿದರು. ತರಬೇತಿಯಲ್ಲಿ ಕೆಲಸ ಮಾಡುತ್ತಲೇ ತಿಳಿವಳಿಕೆ ಗಳಿಸಿದ್ದೇನೆ ಅಂತ, ಎಂದಳು ಮಗಳು.

“ಎಲ್ಲ ಸರಿ ಕಣೇ. ಇದರಲ್ಲಿ ನಿನ್ನಜ್ಜಿ ಎಲ್ಲಿ?”

ಮಗಳು ಇನ್ನೊಂದು ವಾಕ್ಯ ಬರೆದು, ಎರಡನ್ನೂ ಕಾಲೇಜಿನ ಮೇಡಂಗೆ ತೋರಿಸಿದಳು. ಎರಡೂ ತಪ್ಪಿಲ್ಲದ ಇಂಗ್ಲಿಷೇ, ಅಮ್ಮನಿಗೆ ಯಾವುದು ನಿಜವೋ ಅದನ್ನೇ ಹೇಳಲಿ ಎಂದರಂತೆ ಮೇಡಂ.

ಸಂದರ್ಶನದಲ್ಲಿ ಅದೇ ಪ್ರಶ್ನೆ ಬಂತು. ಈ ಸಲ ಮೇಜು ನೋಡದೆ, ಅಧಿಕಾರಿಯ ಮುಖ ನೋಡಿಯೇ ಹೇಳಿದರು: “ಐ ಲರ್ನ್ಡ್ ದಿಸ್ ವರ್ಕ್ ಫ್ರಮ್ ಮೈ ಮದರ್ ಇನ್ ಲಾ.” ಅಧಿಕಾರಿ ನಕ್ಕು, ಅವರು ಏನೇನು ಕಲಿಸಿದರು ಎಂದು ಕೇಳಿದರು. ಅಲ್ಲಿಂದಾಚೆ ತಣ್ಣೀರು, ಕಲೆ, ಮಡಿಕೆ ಎಲ್ಲವೂ ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆಯಲ್ಲಿ ಹೊರಬಂದವು.

ಹೋದ ವಾರ ಆದೇಶ ಬಂದಿದೆ. ಬರುವ ತಿಂಗಳಿಂದ ಒಂಬತ್ತಕ್ಕೆ ಹೋದರೆ ಸಾಕು. ಅತ್ತೆಯನ್ನು ಎಬ್ಬಿಸಿ, ತಲೆ ಬಾಚಿಯೇ ಹೊರಡಬಹುದು. ಅದಕ್ಕಿಂತ ದೊಡ್ಡ ಆಸೆ ಏನೂ ಇಲ್ಲ ಎನ್ನುತ್ತಾರೆ. ಸುದ್ದಿ ಕೇಳಿದ ಅತ್ತೆ ಆ ವಾಕ್ಯವನ್ನು ಎರಡೆರಡು ಸಲ ಹೇಳಿಸಿಕೊಂಡರಂತೆ.

“ಆಮೇಲೆ, ‘ನಾನು ಬೈದಿದ್ದನ್ನೂ ಹೇಳಿದ್ಯೇನೇ?’ ಅಂದ್ರು. ಅಷ್ಟು ಇಂಗ್ಲಿಷು ನಂಗೆಲ್ಲಿ ಬರುತ್ತೆ ಅತ್ತೆ, ಅಂದೆ.”