ಮೋಡವಿದ್ದ ದಿನ ನಡುಗದ ಸೆನ್ಸರ್

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನನ್ನನ್ನು ಹಿರಿಯೂರು ತಾಲ್ಲೂಕಿನ ಧರ್ಮಪುರದ ಕಡೆ ಹೊಸದಾಗಿ ಎದ್ದಿದ್ದ ಸೈನ್ಸ್ ಪಾರ್ಕಿಗೆ ಟೆಸ್ಟ್ ಲ್ಯಾಬಿನ ಮುಖ್ಯಸ್ಥೆಯಾಗಿ ಹಾಕಿದರು. ಉಪಗ್ರಹದೊಳಗಿನ ಅತಿ ಸಣ್ಣ ನಡುಕವನ್ನೂ ಅಳೆಯುವ ವೈಬ್ರೇಶನ್ ಸೆನ್ಸರ್ ಒಂದನ್ನು ನನ್ನ ತಂಡ ನಾಲ್ಕು ವರ್ಷ ಕೂತು ಕಟ್ಟಿತ್ತು. ಅದನ್ನು ಲ್ಯಾಬಿನೊಳಗಿನ ಅಲ್ಲಾಡದ ಬಂಡೆಯ ಮೇಲೆ ಹತ್ತು ದಿನ ಇಡಬೇಕು, ಗ್ರಾಫ್ ನೇರವಾಗಿರಬೇಕು. ಟೆಸ್ಟ್ ಅಷ್ಟೇ. ಫೇಲಾದರೆ ಉಪಗ್ರಹಕ್ಕೆ ವಿದೇಶದ ಸೆನ್ಸರ್.

ಮೊದಲ ದಿನವೇ ಮಧ್ಯಾಹ್ನ ಒಂದೂವರೆಗೆ ಗ್ರಾಫ್ ನಡುಗಿತು, ಮೂರೂವರೆಗೆ ನಿಂತಿತು. ಮಾರನೆಯ ದಿನವೂ ಹಾಗೇ. ಜನರೇಟರ್ ಆರಿಸಿದೆವು, ಎ.ಸಿ. ಆರಿಸಿದೆವು. ಉಹೂಂ. ನಾಲ್ಕನೆಯ ದಿನ ಮೋಡ ಕವಿದಿತ್ತು. ಗ್ರಾಫ್ ಸ್ಕೇಲಿಟ್ಟು ಎಳೆದ ಹಾಗೆ. ಐದನೆಯ ದಿನ ಬಿಸಿಲು, ಮತ್ತೆ ನಡುಕ.

“ಮೇಡಂ, ಇಟ್ಸ್ ಥರ್ಮಲ್,” ಎಂದಳು ಎಂಜಿನಿಯರ್ ಶೈಲಜಾ. ಬಿಸಿಗೆ ಸೆನ್ಸರಿನ ಲೋಹ ಹಿಗ್ಗುತ್ತಿದೆ, ದೋಷ ನಮ್ಮದೇ ಎಂದರ್ಥ. ಪರ್ಫೆಕ್ಟ್ ಲಾಜಿಕ್, ನಾನೂ ಒಪ್ಪಿದೆ. ಸೆನ್ಸರನ್ನು ಹಿಂತೆಗೆದುಕೊಳ್ಳುವ ಪತ್ರ ಟೈಪಾಯಿತು. ಸಹಿ ಹಾಕಲು ಕೈ ಬರಲಿಲ್ಲ. ಎದ್ದು ಹೊರಗೆ ಹೋದೆ.

ಲ್ಯಾಬಿನ ಪೂರ್ವದ ಗೋಡೆಗೆ ಕಿಟಕಿಯಿಲ್ಲ. ಆ ಕಡೆ ಕಾಂಪೌಂಡ್ ಇನ್ನೂ ಎದ್ದಿರಲಿಲ್ಲ. ಅತ್ತ ಯಾರೂ ಹೋಗುತ್ತಿರಲಿಲ್ಲ. ಸುತ್ತು ಹಾಕಿ ನೋಡಿದರೆ ಗೋಡೆಯ ನೆರಳಿನುದ್ದಕ್ಕೂ ಕುರಿಗಳು! ತಲೆಗೆ ತಲೆ ಕೊಟ್ಟು ಒತ್ತಿ ನಿಂತಿದ್ದವು. ಕೆಲವು ಗೋಡೆಗೆ ಮೈ ಉಜ್ಜುತ್ತಿದ್ದವು. ಕಾಯುತ್ತಿದ್ದ ಚಿತ್ತಮ್ಮನಿಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು.

“ಬರ್ರಿ ಮೇಡಮ್ಮೋರೆ, ಕುಂತ್ಕಳ್ರಿ. ನೆಳ್ಳು ಐತೆ.”

“ದಿನಾ ಇಲ್ಲೇ ನಿಲ್ಲಿಸ್ತೀರಾ?”

“ಬಿಸ್ಲಿದ್ರೆ ನಿಲ್ತಾವೆ. ಮೋಡ ಇದ್ರೆ ಯಾಕ್ ನಿಲ್ತಾವೆ? ಮೇಯ್ತಾ ಇರ್ತಾವೆ.”

ಸೆನ್ಸರಿನ ಗೋಳು ಹೇಳಿದೆ. ಅವಳು ನಕ್ಕುಬಿಟ್ಟಳು. “ಆಕಾಶಕ್ಕೋಗೋ ಮಿಷನ್ನು ಕುರಿ ಮೈ ಕೆರ್ಕಂಡ್ರೆ ನಡುಗ್ತೈತಾ? ಒಳ್ಳೆ ಮಿಷನ್ನು ಬಿಡ್ರಿ!”

“ನಡುಗಲೇಬೇಕು. ಅದರ ಕೆಲಸವೇ ಅದು,” ಎಂದವಳಿಗೆ ಆಗಲೇ ಹೊಳೆಯಿತು. ಸೆನ್ಸರ್ ಐದು ದಿನದಿಂದ ನಿಜವನ್ನೇ ಹೇಳುತ್ತಿತ್ತು.

ಕುರಿಗಳನ್ನು ಬೇರೆ ಕಡೆ ನಿಲ್ಲಿಸಬಹುದೇ ಎಂದು ಕೇಳಿದೆ.

“ಎಲ್ಲಿ ನಿಲ್ಸಾಣ? ಇಲ್ಲೇ ಏಳು ಹುಣಸೇಮರ ಇದ್ವು. ನಮ್ಮತ್ತೆ ಕಾಲ್ದಿಂದ ಮಧ್ಯಾಹ್ನ ಅವುಗಳ ಕೆಳಗೇ ಮಂದೆ. ನಿಮ್ಮೋರು ಕಡುದ್ರಲ್ಲ.”

ನಮ್ಮೋರಲ್ಲ, ನಾನೇ. ಪಾರ್ಕಿಗೆ ಜಾಗ ಆರಿಸುವಾಗ ಬರೆದ ಸೈಟ್ ರಿಪೋರ್ಟ್ ನನ್ನದು. ಬೆಳಿಗ್ಗೆ ಹತ್ತಕ್ಕೆ ಬಂದು ನೋಡಿದ್ದೆ; ಆ ಹೊತ್ತಿಗೆ ಕುರಿಗಳೆಲ್ಲ ದೂರದಲ್ಲಿ ಮೇಯುತ್ತಿರುತ್ತವೆ. ‘ಈಗಿನ ಬಳಕೆ’ ಎಂಬ ಕಾಲಮ್ಮಿನಲ್ಲಿ ‘ಏನೂ ಇಲ್ಲ’ ಎಂದು ಬರೆದು, ಚಿತ್ರದುರ್ಗದಲ್ಲಿ ಊಟಕ್ಕೆ ಹೊರಟುಹೋಗಿದ್ದೆ.

ಪತ್ರ ಹರಿದೆ. ಅರ್ಧ ಮೈಲಿ ಆಚೆ ತೆಂಗಿನ ಗರಿಯ ಚಪ್ಪರ ಹಾಕಿಸಿದೆವು. ಚಿತ್ತಮ್ಮ ಮಂದೆಯನ್ನು ಅಲ್ಲಿಗೆ ಹೊಡೆದಳು. ಹೊಸದಾಗಿ ಹತ್ತು ದಿನ ಎಣಿಸಿದೆವು. ಗ್ರಾಫ್ ಮಿಸುಕಲಿಲ್ಲ.

ಅಲ್ಲಿಂದಾಚೆ ಯಾವ ನೆಲವನ್ನೂ ನಾನು ಒಂದೇ ಹೊತ್ತಿನಲ್ಲಿ ನೋಡಿ ಸಹಿ ಹಾಕಲಿಲ್ಲ. ನಿವೃತ್ತಿಯ ವಾರ ಚಪ್ಪರದ ಪಕ್ಕ ಏಳು ಹುಣಸೆ ಸಸಿ ನೆಡಿಸಿದೆ. ಆ ಉಪಗ್ರಹದ ಆಯುಷ್ಯ ಹತ್ತು ವರ್ಷ. ಹುಣಸೆಗೆ ಒಂದು ಮಂದೆಯಷ್ಟು ನೆರಳು ಬರಲು ಅದರ ಎರಡರಷ್ಟಾದರೂ ಬೇಕು. ಅಷ್ಟು ಹೊತ್ತಿಗೆ ಚಿತ್ತಮ್ಮನೂ ನಾನೂ ಇರುವುದು ಡೌಟು.