ಫರಸಿಯ ಒರಟು ಬದಿ

ನೆಲಕ್ಕೆ ಹಾಸಿದ ಹಳೆಯ ಫರಸಿಕಲ್ಲು ಎಬ್ಬಿಸಿದಾಗ ಅದರ ಕೆಳಗಿನಿಂದ ಒಂದು ವಾಸನೆ ಬರುತ್ತದೆ. ತಣ್ಣನೆಯ ಮಣ್ಣು, ಹಳೆಯ ಮರಳು, ವರ್ಷಗಟ್ಟಲೆ ಬಿಸಿಲು ಕಾಣದ ಕಲ್ಲು... ಸೇಡಂನ ನಮ್ಮ ಮನೆಗೆ ಟೈಲ್ಸ್ ಹಾಕಿಸಲೇಬೇಕೆಂದು ಹೆಂಡತಿ ಹಟ ಹಿಡಿದಿದ್ದಳು. ಹೋದ ವಾರ ಗೌಂಡಿ ಬಂದು ಪಡಸಾಲೆಯ ಮೊದಲ ಕಲ್ಲನ್ನು ಎತ್ತಿ ಗೋಡೆಗೆ ಒರಗಿಸಿದ. ಕಲ್ಲಿನ ಹಿಂಬದಿಯಲ್ಲಿ ಕಾವಿ ಬಣ್ಣದ ಅಕ್ಷರಗಳು ಕಂಡವು. ಆ ಕೈಬರಹ ನನಗೆ ಗೊತ್ತಿತ್ತು.

ನಾನು ಶಹಾಬಾದಿನಲ್ಲಿ ಕಾಲೇಜು ಓದುತ್ತಿದ್ದಾಗ ನನ್ನ ಬಾಡಿಗೆ ಕೋಣೆಯ ಎದುರಿಗೇ ಕಲ್ಲು ಪಾಲಿಶ್ ಮಾಡುವ ಶೆಡ್ಡು ಇತ್ತು. ಅಲ್ಲಿ ಕಲ್ಲಿಗೆ ಗುರುತು ಹಾಕುತ್ತಿದ್ದವರನ್ನು ಎಲ್ಲರೂ ಫರಸಿ ಮಾವ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಪಾಲಿಶ್ ಆದ ಕಲ್ಲನ್ನು ಮಗುಚಿ, ಒರಟು ಬದಿಯ ಮೇಲೆ ಬೇವಿನ ಕಡ್ಡಿಯಿಂದ ನಾಲ್ಕು ಸಾಲು ಬರೆಯುವುದು ಅವರ ಕೆಲಸ. ಉದ್ದ, ಅಗಲ, ದಪ್ಪ, ಕೊನೆಗೆ ಆ ಕಲ್ಲು ಹೋಗಬೇಕಾದ ಊರು. ಲಾರಿಗೆ ಹೇರುವವರು ಆ ಊರು ನೋಡಿಕೊಂಡು ಹೇರುತ್ತಿದ್ದರು.

ಆದರೆ ಒಂದೊಂದು ಮನೆಯ ಕಲ್ಲುಗಳಲ್ಲಿ ಕಡೆಯದೊಂದನ್ನು ಅವರು ಬೇರೆ ಥರ ಬರೆಯುತ್ತಿದ್ದರು. ಅಳತೆ ಇರಬೇಕಾದ ಜಾಗದಲ್ಲಿ ಮಾತು ಇರುತ್ತಿತ್ತು. ಮೊದಲು ಒಂದು ಉದ್ದನೆಯ ಸಾಲು, ಅದಕ್ಕಿಂತ ಗಿಡ್ಡದು ಇನ್ನೊಂದು, ಅದಕ್ಕೂ ಗಿಡ್ಡದು ಮತ್ತೊಂದು, ಕೆಳಗೆ ಊರು. ನಾನು ಮೊದಲು ಓದಿದ್ದು ಇದು:

ಹೊಸ ಮನಿಯಾಗ ಅಂಬೆಗಾಲಿಡೋ ಕೂಸು ಇನ್ನಾ ಹುಟ್ಟಿಲ್ಲ
ಕಲ್ಲು ಆಗಲೇ ತಣ್ಣಗ
ಮಲಗ್ಯದ
ಆಡಕಿ

ನಾನು ಕವಿಯಾಗಬೇಕೆಂದು ಒದ್ದಾಡುತ್ತಿದ್ದ ಕಾಲ ಅದು. ಮಾರುದ್ದದ ಪದ್ಯ ಬರೆದು ಎಲ್ಲರ ತಲೆ ತಿನ್ನುತ್ತಿದ್ದೆ. ಈ ನಾಲ್ಕು ಸಾಲು ಓದಿ ನಿಂತಲ್ಲೇ ನಿಂತೆ.

“ಗೌಂಡಿ ಇದನ್ನ ಬೋರಲ ಹಾಕಿ ಬಿಡ್ತಾನ್ರಿ ಮಾವಾ. ಯಾರು ಓದ್ತಾರ?” ಎಂದೆ.

“ನೆಲಕ್ಕೂ ಓದ್ಲಿಕ್ಕ ಏನರ ಬೇಕಲ್ಲೋ ತಮ್ಮಾ,” ಎಂದು ಕಡ್ಡಿಯನ್ನು ಬಣ್ಣದಲ್ಲಿ ಅದ್ದಿದರು.

ಇದನ್ನು ನಿಮಗೆ ಯಾರು ಕಲಿಸಿದರು ಎಂದು ಇನ್ನೊಂದು ದಿನ ಕೇಳಿದೆ. ಅವರು ನಕ್ಕರು. “ನಮ್ಮ ಉಸ್ತಾದ್ ಬರೀತಿದ್ದ. ಚಿಂಚೋಳಿ ಕಡಿಯವ, ತೆಲುಗಿನಾಗ ಬರೀತಿದ್ದ. ಅವನಿಗಿ ಯಾರು ಕಲಿಸಿದ್ರೋ ಏನೋ... ಕಲ್ಲು ನಾ ಹುಟ್ಟಸೀನೇನು? ಇದ್ದಿದ್ದು ಮಗುಚೀನಿ, ಬರದೀನಿ.”

ಈ ಮಾತನ್ನೇ ನಾನು ಗಟ್ಟಿಯಾಗಿ ಹಿಡಿದುಕೊಂಡೆ. ತನ್ನದಲ್ಲವೆಂದು ಅವರೇ ಹೇಳಿದ ಮೇಲೆ ನನ್ನದಾದರೆ ತಪ್ಪೇನು? ಆಡಕಿಯದನ್ನೂ ಇನ್ನೆರಡನ್ನೂ ನೋಟ್‌ಬುಕ್ಕಿಗೆ ಇಳಿಸಿಕೊಂಡೆ, ಮಾತನ್ನು ಅಷ್ಟಿಷ್ಟು ತಿದ್ದಿದೆ, ಊರಿನ ಹೆಸರಲ್ಲಿ ಕೊನೆಯಾಗುವುದರಿಂದ ‘ಊರ್ಗೊನೆ’ ಎಂದು ಹೆಸರಿಟ್ಟೆ. ‘ಒಂದು ಹೊಸ ಕಾವ್ಯಪ್ರಕಾರ’ ಎಂಬ ತಲೆಬರಹದೊಂದಿಗೆ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಯಿತು, ಕೆಳಗೆ ನನ್ನ ಹೆಸರು. ಅದನ್ನು ಅವರಿಗೇ ತೋರಿಸಲು ಹೋದೆನಲ್ಲ, ನನ್ನ ಆ ಭಂಡತನಕ್ಕೆ ಏನೆನ್ನಬೇಕೋ ಇವತ್ತಿಗೂ ತಿಳಿಯದು.

ಅವರು ಧೋತರಕ್ಕೆ ಕೈ ಒರೆಸಿಕೊಂಡು ಸಂಚಿಕೆ ತೆಗೆದುಕೊಂಡರು. ತುಟಿ ಅಲ್ಲಾಡಿಸುತ್ತ ನಿಧಾನವಾಗಿ ಓದಿದರು.

“ಛಲೋ ಅಚ್ಚಾಗ್ಯದ,” ಎಂದರು. ಸಂಚಿಕೆ ನನ್ನ ಕೈಗಿಟ್ಟು, “ಆಡಕಿ ಕಲ್ಲು ಇನ್ನಾ ಇಲ್ಲೇ ಅದ ನೋಡು. ನೆಲ ಓದೋದ್ರಾಗ ಮಂದಿ ಓದಿಬಿಟ್ರು.”

ಸಿಟ್ಟಿನಿಂದ ಹೇಳಲಿಲ್ಲ. ಎದ್ದು ಹೋಗಿ, ಲಾರಿಗಾಗಿ ಕಾದಿದ್ದ ಆ ಕಲ್ಲಿನ ಮೇಲೆ ಒಂದು ಬಕೀಟು ನೀರು ಸುರಿದು ಗೋಣಿತಟ್ಟಿನಿಂದ ತಿಕ್ಕಿದರು. ಒಣಗಿದ ಮೇಲೆ ಉದ್ದ, ಅಗಲ, ದಪ್ಪ, ಊರು ಬರೆದರು. ಆಮೇಲೆ ನಾನು ಅಲ್ಲಿದ್ದಷ್ಟು ದಿನ ಅವರು ಅಳತೆ, ಊರು ಬಿಟ್ಟು ಬೇರೇನನ್ನೂ ಬರೆದದ್ದನ್ನು ನೋಡಲಿಲ್ಲ. ತಪ್ಪಾಯಿತು ಮಾವಾ ಎನ್ನಲು ನನಗೆ ಬಾಯಿ ಬರಲಿಲ್ಲ. ಪರೀಕ್ಷೆ ಮುಗಿದದ್ದೇ ವಾಡಿ ಜಂಕ್ಷನ್ನಿಗೆ ಹೋಗಿ ರೈಲು ಹತ್ತಿದೆ.

ಊರ್ಗೊನೆ ಮಾತ್ರ ನನ್ನನ್ನು ಬಿಡಲಿಲ್ಲ. ಸಂಚಿಕೆ ಓದಿದವರು ತಾವೂ ಬರೆಯತೊಡಗಿದರು. ಮೊಬೈಲು ಬಂದ ಮೇಲಂತೂ ಕೇಳುವುದೇ ಬೇಡ, ದಿನಾ ಬೆಳಗಾದರೆ ಗುಂಪುಗಳಲ್ಲಿ ಯಾರಾದರೂ ಒಂದು ಹಾಕುತ್ತಾರೆ. ಇದರ ಮೂಲ ಜಪಾನಿನದು ಎಂದು ಒಬ್ಬರು, ಕಡೆಯ ಸಾಲು ವಚನದ ಅಂಕಿತದಿಂದ ಬಂದದ್ದು ಎಂದು ಇನ್ನೊಬ್ಬರು ವಾದಿಸುತ್ತಾರೆ. ಚಿತ್ತಾಪುರದ ಸಭೆಯೊಂದರಲ್ಲಿ ನನ್ನನ್ನೇ ಪ್ರವರ್ತಕ ಎಂದು ಕರೆದು ಶಾಲು ಹೊದಿಸಿದರು. ನಾನು ನಕ್ಕು ಕೈಮುಗಿದೆ.

ಇದಕ್ಕೂ ಎಷ್ಟೋ ಮೊದಲು, ಮಾಸ್ತರಿಕೆ ಸಿಕ್ಕು ಮನೆ ಕಟ್ಟಿಸುವಾಗ ಬೇಕೆಂದೇ ಅದೇ ಶೆಡ್ಡಿನಿಂದ ಕಲ್ಲು ತರಿಸಿದ್ದೆ. ಅವರು ಇನ್ನೂ ಅಲ್ಲೇ ಇದ್ದರು, ನನ್ನ ಹೆಸರಿನ ಚೀಟಿ ಅವರ ಕೈಗೆ ಹೋಗುತ್ತದೆಂದು ಗೊತ್ತಿತ್ತು. ಹೋಗಿ ಎದುರಿಗೆ ನಿಲ್ಲಲು ಮಾತ್ರ ಮುಖವಿರಲಿಲ್ಲ. ಶಾಲೆ ಮುಗಿಸಿ ಬರುವಷ್ಟರಲ್ಲಿ ಗೌಂಡಿ ಪಡಸಾಲೆ ಹಾಸಿಬಿಟ್ಟಿದ್ದ, ಉಳಿದ ಕಲ್ಲುಗಳನ್ನು ಮಗುಚಿ ನೋಡಲು ನನಗೇ ಧೈರ್ಯ ಬರಲಿಲ್ಲ. ಅವರು ತೀರಿಕೊಂಡ ಸುದ್ದಿ ಬಂದದ್ದು ಎಷ್ಟೋ ವರ್ಷದ ಮೇಲೆ. ಅಂದಿನಿಂದ ಇಲ್ಲಿಯವರೆಗೆ ನನ್ನ ನೆಲದಡಿ ಎಲ್ಲೋ ಒಂದು ಕಲ್ಲಿನ ಮೇಲೆ ನನಗಾಗಿ ಬರೆದದ್ದು ಇದೆ ಎಂದೇ ನಂಬಿಕೊಂಡು ಓಡಾಡಿದೆ. ಬೈದಿದ್ದರೂ ಸರಿಯೇ...

ಹೋದ ವಾರ ಒಂದೊಂದೇ ಕಲ್ಲನ್ನು ಮಗುಚಿ ನೋಡಿದೆ. ಮರಳಿನ ಮೇಲೆ ಹಾಸಿದ್ದರಿಂದ ಬಣ್ಣ ಉಳಿದಿತ್ತು. ಉದ್ದ, ಅಗಲ, ದಪ್ಪ, ಸೇಡಂ. ಗೌಂಡಿ ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದ. ಅಡುಗೆಮನೆಯ ಮೂಲೆಯ ಕಡೆಯ ಕಲ್ಲಿನಲ್ಲೂ ಅಷ್ಟೇ ಇತ್ತು. ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತು ನಾನು ಅತ್ತೆ.

ಅಂದು ಸಂಜೆ ಚಿಂಚೋಳಿಯ ಹುಡುಗಿಯೊಬ್ಬಳ ಫೋನು ಬಂತು. ಊರ್ಗೊನೆಗಳ ಸಂಕಲನ ಮಾಡುತ್ತಿರುವವಳು, ಮುನ್ನುಡಿಯಲ್ಲಿ ಮೂಲದ ಬಗ್ಗೆ ಬರೆಯಬೇಕೆಂದು ತಿಂಗಳಿನಿಂದ ಬೆನ್ನು ಬಿದ್ದಿದ್ದಳು.

“ಸರ್, ಪುಸ್ತಕ ಅಚ್ಚಿಗಿ ಹೊಂಟದ್ರಿ. ನೀವೇ ಶುರು ಮಾಡಿದ್ರಿ ಅಂತ ಬರೀಲೇನ್ರಿ?”

“ನಾನಲ್ಲವ್ವಾ,” ಎಂದೆ. ಶೆಡ್ಡು, ಬೇವಿನ ಕಡ್ಡಿ, ಕಾಲೇಜಿನ ಸಂಚಿಕೆ, ತೊಳೆದ ಕಲ್ಲು, ಎಲ್ಲವನ್ನೂ ಹೇಳಿದೆ.

“ಅವ್ರ ಹೆಸರು ಹೇಳ್ರಿ ಸರ್, ಬರ್ಕೋತೀನಿ.”

ಫರಸಿ ಮಾವ... ಅದರ ಹಿಂದೆ ಒಂದು ಹೆಸರು ಇತ್ತೆಂಬುದು ನನಗೆ ಆಗ ಹೊಳೆಯಿತು. ಗೊತ್ತಿಲ್ಲವೆಂದೆ.

“ಹೋಗ್ಲಿ ಬಿಡ್ರಿ, ಊರರ ಯಾವುದ್ರಿ?”

ಫೋನು ಹಿಡಿದು, ಕಲ್ಲು ಕಿತ್ತ ನೆಲದ ಮೇಲೆ ನಿಂತೆ. ಎಲ್ಲ ಕಲ್ಲಿಗೂ ಊರು ಬರೆದವರ ಊರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.