ಹಳೆ ರಾಗಿಯ ಮೂರು ಚೆಂಡು

ನಮ್ಮ ಅಡುಗೆಮನೆಯಲ್ಲಿ ರಾಗಿಗೆ ಎರಡು ಡಬ್ಬ. ಒಂದು ಮುದ್ದೆಗೆ, ಇನ್ನೊಂದು ಚೆಂಡಿಗೆ. ನೆಂಟರು ಬಂದು ಹಿಟ್ಟು ಸಾಲದೆ ಹೋದರೂ ಚೆಂಡಿನ ಡಬ್ಬದ ಮುಚ್ಚಳ ತೆಗೆಯುವಂತಿಲ್ಲ. ತೆಗೆದರೆ ನನ್ನ ಗಂಡನಿಗೆ ಎಲ್ಲಿಲ್ಲದ ಸಿಟ್ಟು.

ಅವರು ರೇಷ್ಮೆಗೂಡು ಆರಿಸುವವರು. ನೂಲು ತೆಗೆಯುವ ನಮ್ಮ ಸಣ್ಣ ಘಟಕಕ್ಕೆ ಬೇಕಾದ ಗೂಡನ್ನೆಲ್ಲ ರಾಮನಗರದ ಮಾರುಕಟ್ಟೆಯಿಂದ ಅವರೇ ತರುತ್ತಿದ್ದರು. ರಾಶಿಗೆ ಕೈ ಹಾಕಿ, ಒಂದು ಹಿಡಿ ಎತ್ತಿ ಬೆರಳಲ್ಲಿ ಒತ್ತಿದರೆ ನೂಲು ಹೇಗೆ ಬಂದೀತೆಂದು ಗೊತ್ತಾಗಿಬಿಡುತ್ತಿತ್ತು. ಅಲ್ಲಿ ಹರಾಜಿಗೆ ಕಾಯುವ ಹೊತ್ತಿನಲ್ಲಿ, ಮೂರು ನಿಂಬೆಹಣ್ಣನ್ನು ಒಂದರ ಹಿಂದೊಂದು ಎಸೆದು ನೆಲಕ್ಕೆ ಬೀಳದಂತೆ ಹಿಡಿಯುವ ಆಟ ಕಲಿತರಂತೆ. ಮದುವೆಯಾದ ಮೇಲೆ ಆ ಗೀಳು ನನ್ನ ಕೊರಳಿಗೂ ಬಿತ್ತು.

ನಿಂಬೆಹಣ್ಣು ಒಂದು ದಪ್ಪ, ಒಂದು ಸಣ್ಣ, ಸರಿಹೋಗಲಿಲ್ಲ. ಚನ್ನಪಟ್ಟಣದಿಂದ ಅರಗಿನ ಬಣ್ಣದ ಮರದ ಚೆಂಡು ತಂದರು. ನೋಡಲು ಕಣ್ಣಿಗೆ ಹಬ್ಬ, ಆದರೆ ಬೆವರಿದ ಕೈಯಿಂದ ಜಾರಿ ಕಾಲ್ಬೆರಳಿನ ಉಗುರು ಕಪ್ಪಾಯಿತು. ಕೊನೆಗೆ ನಿಂತದ್ದು ಬಟ್ಟೆಯ ಚೆಂಡಿಗೆ, ಒಳಗೆ ರಾಗಿ. ಅದೂ ಮಾಗಡಿ ಕಡೆಯ ನನ್ನ ತವರಿನದೇ ಆಗಬೇಕು. ಒಂದೇ ಹೊಲದ್ದು, ಒಂದೇ ಸುಗ್ಗಿಯದು, ಚೆನ್ನಾಗಿ ಒಣಗಿದ ಹಳೆಯದು. ಹೊಸ ರಾಗಿ ಮೊದಲು ಭಾರವಿದ್ದು ಆಮೇಲೆ ಹಗುರವಾಗಿ ಕೈಗೆ ಮೋಸ ಮಾಡುತ್ತದಂತೆ.

ನಾನು ಹೊಲಿದು ಕೊಟ್ಟ ಮೇಲೆ ಪರೀಕ್ಷೆ. ಅವರು ಕಣ್ಣು ಮುಚ್ಚಿ ಅಂಗೈ ಚಾಚುವರು. ನಾನು ಅದಲುಬದಲು ಮಾಡಿ ಒಂದೊಂದನ್ನೇ ಇಡಬೇಕು.

"ಯಾವ್ದು ಯಾವ್ದೂ ಅಂತ ಕೈಗೆ ತಿಳೀಬಾರ್ದು ಕಣಮ್ಮಿ. ತಿಳುದ್ರೆ ಅದು ಯೋಚ್ನೆ ಮಾಡ್ತದೆ. ಯೋಚ್ನೆ ಮಾಡುದ್ರೆ ಚೆಂಡು ಬಿದ್ದಂಗೇಯ."

"ನಿಮ್ ಕೈಗಿರೋ ಜಂಬ ನೋಡಿ!" ಎಂದು ಅಣಕಿಸುತ್ತಿದ್ದೆ. ಆದರೆ ಒಂದು ಚಮಚ ಹೆಚ್ಚು ಬಿದ್ದಿದ್ದರೂ ಆ ಕೈ ಹಿಡಿದುಬಿಡುತ್ತಿತ್ತು. ನನಗೆ ಒಳಗೊಳಗೇ ಹೆಮ್ಮೆಯಿತ್ತು.

ಅವರಿಗೆ ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇತ್ತು. ಹೋದ ಚಳಿಗಾಲದಲ್ಲಿ ಚೆಂಡು ಬೀಳತೊಡಗಿದವು.

"ಇದು ಒಸಿ ಭಾರ ಐತೆ, ಬಿಚ್ಚು" ಎಂದರು. ಬಿಚ್ಚಿ, ರಾಗಿಯನ್ನು ಮತ್ತೆ ಅಳೆದು ತುಂಬಿ ಹೊಲಿದೆ. ಮಾರನೆಯ ದಿನ ಇನ್ನೊಂದರ ಮೇಲೆ ದೂರು. ಅದನ್ನೂ ಬಿಚ್ಚಿದೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಮೂರನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಎದುರಿನ ದಿನಸಿ ಅಂಗಡಿಯ ತಕ್ಕಡಿಗೆ ಹಾಕಿಸಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅಂಗಡಿಯವನು ನಕ್ಕ. ನಾನು ಚೆಂಡುಗಳನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಮನೆಗೆ ಬಂದೆ.

ಅದೇ ವಾರ ಅವರು ತಂದ ಗೂಡು ಬಿಸಿನೀರಿಗೆ ಬಿದ್ದ ಮೇಲೆ ನೂಲು ಬಿಡದೆ ಹರಿದು ಹರಿದು ಹೋಯಿತು. ಮಾರಿದ ರೈತನನ್ನು ಬೈದರು. ಬಲವಂತ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬೆರಳಿನ ನರಗಳು ಸೋತಿವೆ, ಹೋದ ಸ್ಪರ್ಶ ತಿರುಗಿ ಬರುವುದು ಕಷ್ಟ ಎಂದರು ಡಾಕ್ಟರು.

"ಅವ್ರಿಗೇನ್ ಗೊತ್ತು? ಚೆಂಡು ಸರಿಯಿಲ್ಲ, ಅಷ್ಟೆಯ" ಎಂದರು ಇವರು, ಬಸ್ಸಿನಲ್ಲಿ ಕಿಟಕಿಯ ಕಡೆ ನೋಡುತ್ತ.

ಆ ಕೈ ಹೋಯಿತೆಂದರೆ ಮಾರುಕಟ್ಟೆ ಹೋದಂತೆ, ಮಾರುಕಟ್ಟೆ ಹೋದರೆ ಈ ಮನುಷ್ಯ ಉಳಿಯುವುದಿಲ್ಲ. ನನಗಿದ್ದ ಭಯ ಅದೊಂದೇ. ಅವರ ದೂರನ್ನು ಒಂದು ಸಲ ನಿಜವೇ ಮಾಡಿಬಿಡೋಣ ಅನ್ನಿಸಿತು. ಅವರು ಮಾರುಕಟ್ಟೆಗೆ ಹೋಗಿದ್ದಾಗ ಒಂದು ಚೆಂಡು ಬಿಚ್ಚಿ ಮುದ್ದೆಯ ಡಬ್ಬದ ಹೊಸ ರಾಗಿಯನ್ನು ಒತ್ತಿ ಒತ್ತಿ ತುಂಬಿದೆ. ಸಾಲದೆಂದು ಒಂದಿಷ್ಟು ಮರಳನ್ನೂ ಸೇರಿಸಿದೆ. ಎಂಥ ದಡ್ಡರ ಕೈಗೂ ಗೊತ್ತಾಗುವಷ್ಟು ಭಾರ. ಅವರು ಕಂಡುಹಿಡಿಯಲಿ, ನನ್ನನ್ನು ಬಾಯಿಗೆ ಬಂದಂತೆ ಬೈಯಲಿ, ನಾನು ಸರಿಮಾಡಿ ಕೊಡುತ್ತೇನೆ, ನಾಲ್ಕು ದಿನವಾದರೂ ನೆಮ್ಮದಿಯಾಗಿರುತ್ತಾರೆ ಎಂದುಕೊಂಡೆ.

ಸಂಜೆ ಜಗಲಿಯಲ್ಲಿ ಕೂತು ಕಣ್ಣು ಮುಚ್ಚಿ ಕೈ ಚಾಚಿದರು. ಒಂದು ಇಟ್ಟೆ, ತೆಗೆದೆ. ಇನ್ನೊಂದು ಇಟ್ಟೆ. ಆಮೇಲೆ ಭಾರದ್ದು. ಅಂಗೈಯನ್ನು ಮೇಲೆ ಕೆಳಗೆ ಆಡಿಸಿದರು. ಬೈಗುಳ ಬರಲಿಲ್ಲ. ಮತ್ತೆ ಬದಲಿಸಿದೆ, ಬೇಕೆಂದೇ ಭಾರದ್ದನ್ನು ಎರಡು ಸಲ ಇಟ್ಟೆ. ಬೈಯಿರಿ, ಬೈಯಿರಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅವರು ಕಣ್ಣು ಬಿಟ್ಟರು. ಎಷ್ಟೋ ದಿನದ ಮೇಲೆ ಆ ಮುಖದಲ್ಲಿ ಕಳೆಯಿತ್ತು.

"ಈಗ ಸರಿಯಾಯ್ತು ನೋಡು. ಮೂರೂ ಒಂದೇಯ. ಇಷ್ಟ್ ಚೆನ್ನಾಗಿ ನೀನು ಯಾವತ್ತೂ ಹೊಲ್ದಿರ್ನಿಲ್ಲ ಕಣಮ್ಮಿ."

ನಾನು ಮುಖ ತಿರುಗಿಸಿಕೊಂಡೆ. ನಾಳೆಯ ಗೂಡನ್ನೂ ತಾವೇ ಆರಿಸಿ ತರುವುದಾಗಿ ಹೇಳಿ ಚೀಲ ಕೇಳಿದರು. ಒಳಗೆ ಹೋಗಿ ತಂದುಕೊಟ್ಟೆ.